ಪಗಾರ ತಿಂಗಳದ್ದು, ಖರ್ಚು ವರ್ಷದ್ದು: ಮನೆಯ ವರ್ಷದ ಲೆಕ್ಕ ಹಾಕುವ ಬಗೆ

ಹುಬ್ಬಳ್ಳಿ-ಧಾರವಾಡದ ಯಾವ ಮನೆಗೆ ಹೋದರೂ ತಿಂಗಳ ಹದಿನೈದನೇ ತಾರೀಖಿನ ಹೊತ್ತಿಗೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಈ ತಿಂಗಳ ಯಾಕೋ ಭಾಳ ಖರ್ಚಾತು ನೋಡ್ರಿ." ಜೂನ್‌ನಲ್ಲಿ ಅದಕ್ಕೆ ಸಾಲಿ ಫೀ ಕಾರಣ, ಶ್ರಾವಣದಲ್ಲಿ ಪಂಚಮಿ ಉಂಡಿ ಕಾರಣ, ನವೆಂಬರ್‌ನಲ್ಲಿ ವಿಮೆಯ ಕಂತು, ಬೇಸಿಗೆಯಲ್ಲಿ ಕಾಕಾನ ಮಗಳ ಲಗ್ನ. ಹನ್ನೆರಡು ತಿಂಗಳೂ "ಈ ತಿಂಗಳಷ್ಟೇ" ಆದಮೇಲೆ ಅದು ತಿಂಗಳಿನ ತಪ್ಪಲ್ಲ, ಲೆಕ್ಕ ಹಾಕುವ ರೀತಿಯ ತಪ್ಪು. ಬಾಡಿಗೆ, ಹಾಲು, ಕಾಯಿಪಲ್ಲೆ, ಕಿರಾಣಿ ಇಷ್ಟನ್ನು ಪಗಾರದಿಂದ ಕಳೆದು, ಉಳಿದದ್ದೆಲ್ಲ ನಮ್ಮದು ಎಂದುಕೊಳ್ಳುತ್ತೇವೆ. ಆ ಉಳಿದದ್ದರಲ್ಲಿ ದೊಡ್ಡ ಪಾಲು ಸಾಲಿಗೆ, ದೀಪಾವಳಿಗೆ, ಲಗ್ನದ ಆಹೇರಿ ಉಡುಗೊರೆಗೆ ಆಗಲೇ ಸಂದುಹೋಗಿರುತ್ತದೆ.

ಹಾಗಾಗಿ ಮೊದಲು ವರ್ಷದ ಲೆಕ್ಕ, ಆಮೇಲೆ ತಿಂಗಳದ್ದು. ಅದನ್ನು ಮಾಡುವುದು ಹೇಗೆ, ಎಲ್ಲಿ ಕೆಡುತ್ತದೆ, ಯಾವ ಖರ್ಚಿನಲ್ಲಿ ಕೈ ಹಿಡಿದರೆ ನಿಜವಾಗಿ ರೊಕ್ಕ ಉಳಿಯುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ವರ್ಷದ ವಹಿ

ನೂರು ಪುಟದ ಒಂದು ಉದ್ದ ನೋಟ್‌ಬುಕ್ ಸಾಕು. ಮೊಬೈಲ್ ಆ್ಯಪ್‌ಗಿಂತ ಇದು ಮೇಲು. ಒಬ್ಬರ ಫೋನಿನಲ್ಲಿ ಅಡಗಿಕೊಳ್ಳದೆ ಮನೆಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಪುಟ ಬಿಡಿ. ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಕೂತು, ಪ್ರತಿ ತಿಂಗಳೂ ತಪ್ಪದೆ ಬರುವ ಖರ್ಚನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿ. ವರ್ಷಕ್ಕೆ ಒಂದೋ ಎರಡೋ ಸಲ ಬಂದದ್ದಷ್ಟೇ ಉಳಿಯುತ್ತದೆ. ಅದನ್ನು ಆಯಾ ತಿಂಗಳ ಪುಟಕ್ಕೆ ಇಳಿಸಿ: ಏನು, ಎಷ್ಟು, ಯಾವ ತಾರೀಖು.

ನಗದು ಖರ್ಚು ಸ್ಟೇಟ್‌ಮೆಂಟಿನಲ್ಲಿ ಕಾಣುವುದಿಲ್ಲ. ಅದಕ್ಕೆ ಎಟಿಎಂನಿಂದ ಒಮ್ಮೆಲೇ 5,000ಕ್ಕಿಂತ ಹೆಚ್ಚು ತೆಗೆದ ದಿನಗಳನ್ನು ಗುರುತು ಮಾಡಿ, ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನೆನಪು ಮಾಡಿಕೊಳ್ಳಿ. ಆ ದಿನದ ಆಸುಪಾಸಿನಲ್ಲಿ ಲಗ್ನ, ಕುಬಸ (ಸೀಮಂತ), ಜಾತ್ರೆ, ಇಲ್ಲವೇ ಮೋಟರ್ ಸುಟ್ಟದ್ದು, ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ಈ ಕೆಲಸವನ್ನು ಮನೆಯ ಇಬ್ಬರೂ ಕೂಡಿ ಮಾಡಬೇಕು. ಒಬ್ಬರೇ ಬರೆದ ವಹಿಯಲ್ಲಿ ಇನ್ನೊಬ್ಬರ ಕಡೆಯ ಬೀಗರ ಖರ್ಚು ಬಿಟ್ಟುಹೋಗುತ್ತದೆ.

ಒಂದು ಮಾದರಿ ಲೆಕ್ಕ ಹಾಕೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು; ಕೈಗೆ ಬರುವ ಪಗಾರ ತಿಂಗಳಿಗೆ 45,000. ಏಪ್ರಿಲ್‌ನಲ್ಲಿ ಮನೆ ಕರ 4,200. ಮೇ ಕೊನೆಗೆ ಬ್ಯಾಂಕಿನ ಎರಡು ಸಣ್ಣ ವಿಮೆ, ಇಬ್ಬರಿಗೆ ಸೇರಿ 912. ಜೂನ್‌ನಲ್ಲಿ ಸಾಲಿ ಫೀ, ಪುಸ್ತಕ, ಯುನಿಫಾರ್ಮ್ 42,000. ಜುಲೈನಲ್ಲಿ ಗಾಡಿ ವಿಮೆ ಮತ್ತು ಸರ್ವಿಸ್ 4,500. ಪಂಚಮಿ, ಗಣಪತಿಗೆ 10,000. ದಸರಾ, ದೀಪಾವಳಿಗೆ 14,000. ನವೆಂಬರ್‌ನಲ್ಲಿ ಆರೋಗ್ಯ ವಿಮೆ 21,000. ಫೆಬ್ರವರಿಯಲ್ಲಿ ವರ್ಷದ ಜೋಳ, ಬೇಳೆ, ಮೆಣಸಿನಕಾಯಿ 18,000. ಲಗ್ನ ಮುಂಜಿವೆ 14,000. ದುರಸ್ತಿ 12,000. ಎಲ್ಲ ಕೂಡಿದರೆ 1,40,612. ಹನ್ನೆರಡರಿಂದ ಭಾಗಿಸಿ ಸ್ವಲ್ಪ ಮೇಲಕ್ಕೆ ಏರಿಸಿದರೆ ತಿಂಗಳಿಗೆ 11,800. ಅಂದರೆ ಪಗಾರದ ಕಾಲು ಭಾಗಕ್ಕಿಂತ ಹೆಚ್ಚು ಹಣಕ್ಕೆ ತಿಂಗಳ ಲೆಕ್ಕದಲ್ಲಿ ಹೆಸರೇ ಇರಲಿಲ್ಲ. ತಿಂಗಳ ಸಂಸಾರ ನಡೆಯಬೇಕಾದದ್ದು 45,000ದಲ್ಲಿ ಅಲ್ಲ, 33,200ರಲ್ಲಿ. ಈ ಅಂಕಿ ನೋಡಿ ಗಾಬರಿಯಾಗುವುದು ಸಹಜ, ಆದರೆ ಹಳೆಯ ಗಾಬರಿಗಳಿಗೆಲ್ಲ ಕಾರಣ ತಿಳಿಯುವುದೂ ಇಲ್ಲೇ.

ಈ 11,800ಕ್ಕೆ ಬೇರೆಯೇ ಉಳಿತಾಯ ಖಾತೆ ಬೇಕು. ಪಗಾರ ಜಮೆಯಾದ ಮರುದಿನ ಅದು ತಾನಾಗಿ ಆ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಡಿ. ಈ ಖಾತೆಯನ್ನು ಯಾವ ಯುಪಿಐ ಆ್ಯಪ್‌ಗೂ ಜೋಡಿಸಬೇಡಿ. ಜೋಡಿಸಿದರೆ ಗಿರಮಿಟ್-ಮಿರ್ಚಿಯ ಗಾಡಿ ಮುಂದೆ ನಿಂತಾಗ ಸಾಲಿ ಫೀ ರೊಕ್ಕವೂ ಕೈಗೆಟುಕುತ್ತದೆ.

ಬಹಳ ಮಂದಿ ವಹಿ ಬರೆದು ಎರಡನೇ ತಿಂಗಳಿಗೇ ಕೈಬಿಡುವುದಕ್ಕೆ ಕಾರಣ ಸೋಮಾರಿತನವಲ್ಲ, ಮೊದಲ ವರ್ಷದ ಕೊರತೆ. ಇದೇ ಲೆಕ್ಕವನ್ನು ಅಕ್ಟೋಬರ್‌ನಲ್ಲಿ ಶುರು ಮಾಡಿದಿರಿ ಎನ್ನಿ. 11,800 ಹಾಕಿದಿರಿ, ದೀಪಾವಳಿಗೆ 14,000 ಬೇಕು, 2,200 ಕಡಿಮೆ. ನವೆಂಬರ್‌ನಲ್ಲಿ ಮತ್ತೆ 11,800 ಹಾಕಿದರೂ ವಿಮೆಗೆ 21,000 ಹೋಗಿ ಕೊರತೆ 11,400ಕ್ಕೆ ಬೆಳೆಯುತ್ತದೆ. ವರ್ಷದ ಸರಾಸರಿ ಸರಿಯಿದ್ದರೂ ಖರ್ಚು ಬೇಗ ಬಂತು, ರೊಕ್ಕ ತಡವಾಯಿತು. ಆದ್ದರಿಂದ ಶುರು ಮಾಡುವ ಮುಂಚೆ ತಿಂಗಳು ತಿಂಗಳಿಗೂ ಜಮೆ, ಖರ್ಚು, ಬಾಕಿ ಎಂದು ಮೂರು ಕಂಬ ಹಾಕಿ ಹನ್ನೆರಡು ಸಾಲು ಇಳಿಸಿ. ಬಾಕಿ ಅತಿ ಹೆಚ್ಚು ತಗ್ಗಿಗೆ ಇಳಿಯುವುದು ಎಲ್ಲಿ ಎಂದು ನೋಡಿ. ನಮ್ಮ ಮಾದರಿಯಲ್ಲಿ ಆ ತಗ್ಗು ಜೂನ್‌ದು: ಅಕ್ಟೋಬರ್‌ನಿಂದ ಜೂನ್‌ವರೆಗೆ ಒಂಬತ್ತು ಕಂತು ಹಾಕಿದರೂ, ಅಷ್ಟರಲ್ಲಿ ಲಗ್ನ, ಕರ, ಜೋಳ, ಸಣ್ಣ ವಿಮೆ, 4,000ದ ದುರಸ್ತಿ ಮುಗಿದು ಸಾಲಿ ಫೀ ಕಟ್ಟುವಾಗ 11,912 ಕಡಿಮೆ ಬೀಳುತ್ತದೆ. ಮೊದಲ ದಿನವೇ 12,000 ಮೂಲಗಂಟು ಇಟ್ಟು ಶುರು ಮಾಡಿದರೆ ಜೂನ್ ಕೊನೆಗೆ 88 ರೂಪಾಯಿ ಉಳಿದು ದಾಟುತ್ತದೆ. ದೀಪಾವಳಿ ಬೋನಸ್ಸು, ಮುಗಿದ ಆರ್‌ಡಿ, ಯಾವುದಾದರೂ ಆಗಲಿ, ಮೊದಲು ಬಂದದ್ದು ಈ ಗಂಟಿಗೆ. ಎರಡನೇ ವರ್ಷಕ್ಕೆ ಹೊಸ ಗಂಟು ಬೇಕಿಲ್ಲ, ಖಾತೆಯಲ್ಲೇ ಬಿಟ್ಟ ಇದೇ ಗಂಟು ಸಾಕು.

ಏಪ್ರಿಲ್ ಮತ್ತು ಮೇ: ತಾರೀಖು ತಪ್ಪಬಾರದ ಎರಡು

ಮಹಾನಗರ ಪಾಲಿಕೆಯ ಆಸ್ತಿ ಕರವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. 4,200ಕ್ಕೆ 210 ರೂಪಾಯಿ ಬಿಟ್ಟಂತಾಯಿತು. ವಾಯಿದೆ ಮೀರಿದರೆ ತಿಂಗಳಿಗೆ ಶೇ 2ರಂತೆ ದಂಡ ಏರುತ್ತದೆ. ಕಟ್ಟಿದ ಚಲನ್ ವಹಿಯ ಹಿಂಬದಿಗೆ ಅಂಟಿಸಿ. ಮನೆ ಮಾರುವಾಗ, ಖಾತೆ ಬದಲಿಸುವಾಗ, ಸಾಲ ಕೇಳುವಾಗ ಹಿಂದಿನ ವರ್ಷಗಳ ಚಲನ್ ಕೇಳುತ್ತಾರೆ. ಸಿಗದಿದ್ದರೆ ಆಫೀಸಿಗೆ ಸುತ್ತಾಟ.

ಮೇ ಕೊನೆಯ ವಾರದಲ್ಲಿ ಬ್ಯಾಂಕ್ ಖಾತೆಯಿಂದ ಸುರಕ್ಷಾ ಬಿಮಾ ಯೋಜನೆಗೆ 20 ರೂಪಾಯಿ, ಜೀವನ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ ತಾನಾಗಿ ಕಡಿತವಾಗುತ್ತದೆ. ಮೊದಲನೆಯದು ಅಪಘಾತಕ್ಕೆ, 18ರಿಂದ 70 ವರ್ಷದವರಿಗೆ. ಎರಡನೆಯದು ಜೀವ ವಿಮೆ, 18ರಿಂದ 50ರೊಳಗೆ ಸೇರಿದವರಿಗೆ. ಎರಡೂ 2 ಲಕ್ಷದವು. ಖಾತೆಯಲ್ಲಿ ಅಂದು 456 ಇರದಿದ್ದರೆ ಕಡಿತವಾಗದು, ವಿಮೆ ನಿಲ್ಲುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಜೂನ್ ಮೊದಲ ವಾರ ಪಾಸ್‌ಬುಕ್ ಬರೆಸಿ ಎರಡೂ ಸಾಲು ಇವೆಯೇ ನೋಡಿಕೊಳ್ಳಿ.

ವರ್ಷದ ಜೋಳ, ವರ್ಷದ ಖಾರ

ಅಡುಗೆಮನೆಯಲ್ಲಿ ಹೆಚ್ಚು ಉಳಿಯುವುದು ಸುಗ್ಗಿಯಲ್ಲಿ ಒಮ್ಮೆಲೇ ಕೊಂಡಾಗ. ಆದರೆ ಇಲ್ಲಿಯೇ ಹೆಚ್ಚು ಹಾಳಾಗುವುದೂ ಉಂಟು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಎಷ್ಟು ಜೋಳ ಬೇಕು ಎಂಬುದನ್ನು ರೊಟ್ಟಿಯಿಂದ ಎಣಿಸಿ. ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು. ಮನೆಯಲ್ಲಿ ದಿನಕ್ಕೆ ಹತ್ತು ರೊಟ್ಟಿ ಆಗುತ್ತಿದ್ದರೆ 600 ಗ್ರಾಂ, ವರ್ಷಕ್ಕೆ 219 ಕಿಲೋ. ಎರಡು ಕ್ವಿಂಟಲ್‌ಗಿಂತ ತುಸು ಹೆಚ್ಚು ಹಿಡಿಯಿರಿ. ಒಂದೇ ಹೊತ್ತು ರೊಟ್ಟಿ ತಿನ್ನುವ ಮನೆಗೆ ಒಂದು ಕ್ವಿಂಟಲ್ ಸಾಕು. ಹಿಂಗಾರಿ ಜೋಳ ಫೆಬ್ರವರಿ-ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬರುತ್ತದೆ. ಮಾಲದಂಡಿ ಕೇಳಿ: ಮುತ್ತಿನಂಥ ಬಿಳಿ ಕಾಳು, ರೊಟ್ಟಿ ಮೆತ್ತಗೆ. ಅಮರಗೋಳದ ಎಪಿಎಂಸಿಗೆ ಹೋಗುವುದಾದರೆ ಎರಡು-ಮೂರು ಮನೆಯವರು ಕೂಡಿ ಹೋಗಿ, ಗಾಡಿ ಬಾಡಿಗೆ ಹಂಚಿಹೋಗುತ್ತದೆ. ಚೀಲದ ಮೇಲ್ಭಾಗದ ಕಾಳಷ್ಟೇ ನೋಡಬೇಡಿ. ಚೀಲದ ಹೊಟ್ಟೆಯಿಂದ ಒಂದು ಮುಷ್ಟಿ ತೆಗೆಸಿ. ನಾಲ್ಕು ಕಾಳು ಹಲ್ಲಿನಲ್ಲಿ ಕಡಿಯಿರಿ. ಟಕ್ಕನೆ ಒಡೆದರೆ ಒಣಗಿದೆ, ಮೆತ್ತಗೆ ಅದುಮಿದರೆ ಹಸಿಯಿದೆ. ಹಸಿ ಜೋಳಕ್ಕೆ ತೂಕದಲ್ಲಿ ನೀರಿನ ದುಡ್ಡನ್ನೂ ಕೊಟ್ಟಂತೆ, ಮೇಲೆ ಮಳೆಗಾಲದಲ್ಲಿ ಮುಗ್ಗಲು ವಾಸನೆ.

ಮನೆಗೆ ತಂದು ಎರಡು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರು ಕಟ್ಟಿ ನುಸಿ ಏಳುತ್ತದೆ. ಬೇವಿನ ಎಲೆಯನ್ನು ಒಣಗಿಸಿಯೇ ಹಾಕಬೇಕು, ಹಸಿ ಎಲೆ ತಾನೇ ತೇವ ಬಿಡುತ್ತದೆ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡಿ. ಗಿರಣಿಗೆ ಹದಿನೈದು ದಿನಕ್ಕೆ ಆಗುವಷ್ಟೇ ಒಯ್ಯಿರಿ. ಹಿಟ್ಟು ಹಳತಾದರೆ ಜಿಗಿ ಹೋಗಿ, ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ.

ಖಾರದ ವಿಚಾರ. ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಮೆಣಸಿನಕಾಯಿ ಆವಕ ಜೋರಾಗುವುದು ಜನವರಿಯಿಂದ ಮಾರ್ಚ್-ಏಪ್ರಿಲ್‌ವರೆಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಡಬ್ಬಿ ತಳಿ ಗಿಡ್ಡ, ದುಂಡಗೆ, ಬಣ್ಣ ಹೆಚ್ಚು, ಖಾರ ಕಡಿಮೆ. ಕಡ್ಡಿ ತಳಿ ಉದ್ದ, ತೆಳು, ಸುಕ್ಕು. ನಾಲ್ಕು ಮಂದಿಯ ಮನೆಗೆ ವರ್ಷಕ್ಕೆ ಮೂರರಿಂದ ನಾಲ್ಕು ಕಿಲೋ ಸಾಕು. ಬಣ್ಣಕ್ಕೆ ಬ್ಯಾಡಗಿ ಎರಡು ಪಾಲು, ಖಾರಕ್ಕೆ ಗುಂಟೂರು ಒಂದು ಪಾಲು ಬೆರೆಸಿದರೆ ಖರ್ಚೂ ಹಿಡಿತಕ್ಕೆ ಬರುತ್ತದೆ. ಬರೀ ಬ್ಯಾಡಗಿಯಾದರೆ ಸಾರು ಕೆಂಪಗಾಗುತ್ತದೆ, ಖಾರ ಸಾಲದೆಂದು ದುಪ್ಪಟ್ಟು ಪುಡಿ ಬೀಳುತ್ತದೆ.

ಕೊಳ್ಳುವಾಗ ಒಂದು ಕಾಯಿ ಬಗ್ಗಿಸಿ ನೋಡಿ. ಒಣಗಿದ್ದು ಪಟ್ಟನೆ ಮುರಿಯುತ್ತದೆ, ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಎನ್ನುತ್ತದೆ. ತೊಗಲಿನಂತೆ ಬಾಗಿದರೆ ತೇವ ಇದೆ. ತೊಟ್ಟಿನ ಬುಡದಲ್ಲಿ ಸೀಳಿ ನೋಡಿದರೆ ಬೂದು ಬಣ್ಣದ ಬೂಸು ಕಾಣಲೂಬಹುದು. ತೀರಾ ಸೋವಿಯಾಗಿ ಸಿಕ್ಕರೆ ಕೋಲ್ಡ್ ಸ್ಟೋರೇಜಿನ ಹಿಂದಿನ ವರ್ಷದ ಮಾಲು ಇರಬಹುದು, ಬಣ್ಣ ಮಂಕಾಗಿರುತ್ತದೆ. ತೊಟ್ಟು ಬಿಡಿಸಿ, ಮತ್ತೆ ಎರಡು ಬಿಸಿಲು ಒಣಗಿಸಿಯೇ ಗಿರಣಿಗೆ ಒಯ್ಯಿರಿ. ಗಿರಣಿಯಲ್ಲಿ ನಿಮ್ಮ ಪಾಳಿಗಿಂತ ಮುಂಚೆ ಏನು ಬೀಸಿದ್ದಾರೆ ಕೇಳಿ; ಮೊದಲ ಒಂದು ಹಿಡಿ ಬೇರೆ ತೆಗೆದಿಡಿ. ಪುಡಿ ಆರಿದ ಮೇಲೆ ಭರಣಿಗೆ ಒತ್ತಿ ತುಂಬಿ, ನಡುನಡುವೆ ಇಂಗಿನ ಚೂರು ಇಟ್ಟು ಬಾಯಿ ಕಟ್ಟಿ. ದಿನದ ಬಳಕೆಗೆ ಸಣ್ಣ ಡಬ್ಬಿ ಬೇರೆ. ಒದ್ದೆ ಚಮಚ ಭರಣಿಗೆ ಹೋಗಬಾರದು.

ತೊಗರಿ ಹೊಸದಾಗಿ ಬರುವುದು ಡಿಸೆಂಬರ್-ಜನವರಿಗೆ, ಕಡಲೆ ಫೆಬ್ರವರಿ-ಮಾರ್ಚ್‌ಗೆ, ಗದಗ ಕಡೆಯ ಹೆಸರು ಆಗಸ್ಟ್-ಸೆಪ್ಟೆಂಬರ್‌ಗೆ. ಬೇಳೆಕಾಳು ಮಾತ್ರ ಆರು ತಿಂಗಳದ್ದಕ್ಕಿಂತ ಹೆಚ್ಚು ಕೊಳ್ಳುವುದು ಬೇಡ, ಹುಳ ಬೇಗ ಹತ್ತುತ್ತದೆ. ಇಷ್ಟೆಲ್ಲವನ್ನೂ ವರ್ಷದ ಖಾತೆಯ ರೊಕ್ಕದಿಂದಲೇ ಕೊಳ್ಳಬೇಕು. ಕಾರ್ಡ್ ಸಾಲದಲ್ಲಿ ಕೊಂಡರೆ ಸುಗ್ಗಿಯಲ್ಲಿ ಉಳಿದದ್ದು ಬಡ್ಡಿಗೆ ಹೋಗುತ್ತದೆ.

ಪೊಟ್ಟಣದ ಸಾಮಾನಿನಲ್ಲಿ ಬೆಲೆ ನೋಡುವ ಮುಂಚೆ ತೂಕ ನೋಡಿ. ಎಣ್ಣೆ ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ಪಕ್ಕದ ಪಾಕೀಟು ಹತ್ತು ರೂಪಾಯಿ ಕಡಿಮೆ ಅನಿಸಿದರೆ ಅದರಲ್ಲಿ 850 ಗ್ರಾಂ ಅಥವಾ ಇನ್ನೂ ಕಡಿಮೆ ಇರಬಹುದು. ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆ ಎಂಬುದೂ ಈಗ ಪೊಟ್ಟಣದ ಮೇಲೆ ಸಣ್ಣಕ್ಕೆ ಅಚ್ಚಾಗಿರುತ್ತದೆ, ಹೋಲಿಸಬೇಕಾದದ್ದು ಅದನ್ನು. ಕಿರಾಣಿ ಅಂಗಡಿಯಲ್ಲಿ ಉದ್ರಿ ಖಾತೆ ಇದ್ದರೆ ಹದಿನೈದು ದಿನಕ್ಕೊಮ್ಮೆ "ಅಣ್ಣಾರ, ನಮ್ಮ ಪುಟ ಒಂದೀಟ ತೋರಸ್ರಿ" ಎಂದು ಕೇಳಿ ನಿಮ್ಮ ಚೀಟಿಗೆ ತಾಳೆ ಹಾಕಿ. ಯಾವ ಅಂಗಡಿಯವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಿಂಗಳ ಕೊನೆಯಲ್ಲಿ ಇಬ್ಬರಿಗೂ ನೆನಪಿರದ ಸಾಲಿಗಿಂತ ಇದು ಹಗುರ.

ಮುಯ್ಯಿ ವಹಿ

ಲಗ್ನ, ಕುಬಸ, ಗೃಹಪ್ರವೇಶ, ತೊಟ್ಟಿಲು. ಈ ಖರ್ಚು ಕೈ ಮೀರುವುದು ಜಿಪುಣತನ ಇಲ್ಲದ್ದಕ್ಕಲ್ಲ, ನೆನಪು ಇಲ್ಲದ್ದಕ್ಕೆ. ಅವರು ನಮ್ಮ ಮನೆಗೆ ಏನು ಮಾಡಿದ್ದರು ಎಂಬುದು ಮರೆತರೆ, ಕಡಿಮೆಯಾದೀತೆಂಬ ಅಂಜಿಕೆಯಿಂದ ಹೆಚ್ಚೇ ಕೊಡುತ್ತೇವೆ. ಅವರೂ ಮುಂದಿನ ಸಲ ಅದೇ ಅಂಜಿಕೆಯಲ್ಲಿ ಇನ್ನೂ ಹೆಚ್ಚು ಮಾಡುತ್ತಾರೆ. ಎರಡೂ ಮನೆಗೆ ಭಾರ.

ವಹಿಯ ಕೊನೆಯ ಹತ್ತು ಪುಟ ಇದಕ್ಕೆ ಇಡಿ. ಒಂದು ಸಾಲಿಗೆ ಒಂದು ಮನೆ: ಹೆಸರು, ಊರು, ಅವರು ಬಂದ ಕಾರ್ಯ ಮತ್ತು ವರ್ಷ, ಮಾಡಿದ್ದು, ನಾವು ಮಾಡಿದ್ದು. "ಇಳಕಲ್ ಸೀರೆ ಒಂದು, ಪ್ಯಾಂಟ್-ಶರ್ಟ್ ಪೀಸ್, 501" ಎಂದು ವಿವರವಾಗಿ ಬರೆಯಿರಿ. ಬರೀ "ಆಹೇರಿ" ಎಂದು ಬರೆದರೆ ಐದು ವರ್ಷದ ಮೇಲೆ ಉಪಯೋಗಕ್ಕೆ ಬಾರದು. ಲಗ್ನದ ಮನೆಯಲ್ಲಿ ಮುಯ್ಯಿ ಬರೆಯಲು ಕೂತವರ ಪಟ್ಟಿಯನ್ನು ಆ ವಾರದೊಳಗೆ ಇಳಿಸಿಕೊಳ್ಳಬೇಕು, ತಡವಾದರೆ ಲಕೋಟೆ ಬೇರೆ, ಹೆಸರು ಬೇರೆ ಆಗುತ್ತದೆ.

ಉಡಿ ತುಂಬಿದಾಗ ಬಂದ ಕುಪ್ಪಸದ ಖಣ, ಸೀರೆಗಳಿಗೆ ಅಂದೇ ಒಂದು ಚೀಟಿ ಪಿನ್ ಮಾಡಿ: ಯಾರ ಮನೆಯದು, ಯಾವಾಗ. ಟ್ರಂಕಿನಲ್ಲಿ ಎರಡು ವರ್ಷ ಇದ್ದ ಖಣ ಅದನ್ನು ಕೊಟ್ಟ ಅತ್ತಿಗೆಯ ಉಡಿಗೇ ಮರಳಿ ಬೀಳದಂತೆ ಕಾಯುವುದು ಆ ಚೀಟಿಯೇ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ ಇವನ್ನು ಲಗ್ನದ ಹಂಗಾಮಿಗೆ ಮುಂಚೆ ಒಮ್ಮೆಲೇ ತಂದಿಟ್ಟರೆ ಪ್ರತಿ ಸಲ ಬಿಡಿಯಾಗಿ ಕೊಳ್ಳುವುದು ತಪ್ಪುತ್ತದೆ. ಸೀರೆ ಕೊಳ್ಳಲು ಆಷಾಢವೇ ಸರಿ. ಲಗ್ನಗಳಿಲ್ಲದ ತಿಂಗಳು, ಅಂಗಡಿಗಳಲ್ಲಿ ರಿಯಾಯಿತಿ ಇರುತ್ತದೆ. ಆದರೆ ವಹಿ ನೋಡಿ, ಮುಂದಿನ ವರ್ಷ ಎಷ್ಟು ಬೇಕೋ ಅಷ್ಟೇ.

ಪಂಚಮಿ ಉಂಡಿಯ ಸಾಮಾನಿಗೂ ಇದೇ ಮಾತು. ಒಂದು ಕಿಲೋ ಶೇಂಗಾ, 700 ಗ್ರಾಂ ಬೆಲ್ಲಕ್ಕೆ ಒಂದೂವರೆ ಕಿಲೋ ಮೇಲೆ ಉಂಡಿ ಆಗುತ್ತದೆ. ಹಂಚುವ ಮನೆಗಳನ್ನು ಮೊದಲು ಎಣಿಸಿ, ಸಾಮಾನನ್ನು ಹಬ್ಬಕ್ಕೆ ಎರಡು ವಾರ ಮೊದಲೇ ತನ್ನಿ.

ಕರೆಂಟು, ನೀರು, ಗ್ಯಾಸು

ಗೃಹಜ್ಯೋತಿ ಬಂದಮೇಲೆ ಹೆಸ್ಕಾಂ ಬಿಲ್ಲನ್ನು ಯಾರೂ ಓದುತ್ತಿಲ್ಲ, ಓದಲೇಬೇಕು. ಉಚಿತವಾಗಿ ಸಿಗುವ ನಿಮ್ಮ ಪಾಲು 200 ಯೂನಿಟ್ ಅಲ್ಲ. 2022-23ರ ನಿಮ್ಮ ಸರಾಸರಿ ಬಳಕೆ, ಮೇಲೆ ಸಾಮಾನ್ಯವಾಗಿ ಶೇ 10. ಸರಾಸರಿ 90 ಇದ್ದರೆ ಪಾಲು 99. 120 ಯೂನಿಟ್ ಉರಿಸಿದರೆ ಹೆಚ್ಚಿನ 21ಕ್ಕೆ ದುಡ್ಡು. 201 ಆಯಿತೋ, ಅಷ್ಟಕ್ಕೂ ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ಕೂಲರ್ ಓಡುವ ಮನೆಗಳು ಸಿಕ್ಕಿಬೀಳುವುದು ಈ ಗೆರೆಯಲ್ಲಿ. ರೀಡಿಂಗ್ ಆದ ದಿನದಿಂದ ಇಪ್ಪತ್ತನೇ ದಿನ ಮೀಟರ್ ನೋಡಿ ಹಿಂದಿನ ರೀಡಿಂಗ್ ಕಳೆಯಿರಿ. 130 ದಾಟಿದ್ದರೆ ತಿಂಗಳಿಗೆ 195ಕ್ಕೆ ಹೋಗುತ್ತಿದೆ ಎಂದರ್ಥ, ಉಳಿದ ಹತ್ತು ದಿನ ಕೈ ಹಿಡಿಯಬೇಕು. ಬಾಡಿಗೆ ಮನೆ ಬಿಡುವವರು ಹಳೆಯ ಆರ್‌ಆರ್ ನಂಬರ್ ಬಿಡಿಸಿಕೊಂಡು ಹೊಸ ಮನೆಯದಕ್ಕೆ ಅರ್ಜಿ ಹಾಕಬೇಕು, ಅದು ತಾನಾಗಿ ಜೊತೆಗೆ ಬರುವುದಿಲ್ಲ.

ಯೂನಿಟ್ ತಿನ್ನುವುದು ಯಾವುದು? 2,000 ವಾಟ್ ಗೀಸರ್ ಅರ್ಧ ತಾಸಿಗೆ ಒಂದು ಯೂನಿಟ್. ಹಳೆಯ 75 ವಾಟ್ ಫ್ಯಾನ್ ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಸುಮಾರು 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ಹೊತ್ತಿಗೆ 11. ಪಾಲಿನ ಗೆರೆ ದಾಟುವ ಮನೆಗೆ ಫ್ಯಾನ್ ಬದಲಿಸುವುದು ಲಾಭ. ಗೆರೆಯೊಳಗೇ ಇರುವ ಮನೆಗೆ ಹಳೆಯದು ಕೆಡುವ ತನಕ ಕಾಯುವುದೇ ಲಾಭ.

ನಳದ ನೀರು ದಿನ ಬಿಟ್ಟು ದಿನ ಬರುವ ಓಣಿಗೂ, ಐದಾರು ದಿನಕ್ಕೊಮ್ಮೆ ಬರುವ ಓಣಿಗೂ ಟಾಕಿಯ ಲೆಕ್ಕ ಬೇರೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯಿರಿ. ನಾಲ್ವರಿಗೆ 540, ಆರು ದಿನಕ್ಕೆ 3,240, ಒಂದು ದಿನ ಹೆಚ್ಚಿಗೆ ಸೇರಿಸಿ 3,780. ಎರಡು ಮೀಟರ್ ಉದ್ದ, ಎರಡು ಅಗಲ, ಒಂದು ಮೀಟರ್ ನೀರು ನಿಲ್ಲುವ ಸಂಪು 4,000 ಲೀಟರ್ ಹಿಡಿಯುತ್ತದೆ. ಅದಿದ್ದೂ ನೀರು ಸಾಲದೆ ಟ್ಯಾಂಕರ್ ತರಿಸುತ್ತಿದ್ದರೆ ಸೋರಿಕೆ ಹುಡುಕಿ. ರಾತ್ರಿ ಮೋಟರ್, ನಳ ಎಲ್ಲ ಬಂದ್ ಮಾಡಿ ಸಂಪಿನ ಗೋಡೆಗೆ ನೀರಿನ ಮಟ್ಟದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಿಗ್ಗೆ ಒಂದು ಸೆಂಟಿಮೀಟರ್ ಇಳಿದಿದ್ದರೂ 40 ಲೀಟರ್ ಹೋದಂತೆ. ಸಂಪು ಸರಿಯಿದ್ದರೆ ಮೇಲಿನ ಟಾಕಿ ತುಂಬಿದಾಗ ಉಕ್ಕುವುದನ್ನು, ಸಂಡಾಸದ ಫ್ಲಶ್ ಟ್ಯಾಂಕನ್ನು ನೋಡಿ. ಫ್ಲಶ್ಶಿನ ರಬ್ಬರ್ ವಾಷರ್ ಸವೆದರೆ ಸದ್ದಿಲ್ಲದೆ ಹರಿಯುತ್ತಲೇ ಇರುತ್ತದೆ. ಟ್ಯಾಂಕಿಗೆ ಸ್ವಲ್ಪ ಕುಂಕುಮ ಕದಡಿ, ಅರ್ಧ ತಾಸಿನಲ್ಲಿ ಕೆಳಗೆ ಕೆಂಪು ಇಳಿದರೆ ವಾಷರ್ ಬದಲಿಸುವ ಹೊತ್ತಾಗಿದೆ.

ಗ್ಯಾಸ್ ಸಿಲಿಂಡರ್ ಬಂದಾಗ "ತಮ್ಮಾ, ತೂಕ ಮಾಡಿ ಒಳಗಿಡು" ಎನ್ನಿ. ತಕ್ಕಡಿ ತರುವುದು ಅವರ ಕೆಲಸವೇ. ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿದಷ್ಟು ಬರಬೇಕು. ಹಿಡಿಯ ಒಳಬದಿಯಲ್ಲಿ ಬಿ-28 ಎಂಬಂತೆ ಇರುವುದು ಮುಂದಿನ ಪರೀಕ್ಷೆಯ ಗಡುವು: ಎ ಅಂದರೆ ಜನವರಿ-ಮಾರ್ಚ್, ಬಿ ಏಪ್ರಿಲ್-ಜೂನ್, ಸಿ ಜುಲೈ-ಸೆಪ್ಟೆಂಬರ್, ಡಿ ಕೊನೆಯ ಮೂರು ತಿಂಗಳು. ಗಡುವು ದಾಟಿದ್ದನ್ನು ತೆಗೆದುಕೊಳ್ಳಬೇಡಿ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗ್ಯಾಸ್ ಪೋಲಾಗುತ್ತಿದೆ, ಬರ್ನರಿನ ತೂತು ಪಿನ್ನಿನಿಂದ ಬಿಡಿಸಿ.

ಮೊಬೈಲು, ಗಾಡಿ

28 ದಿನದ ರೀಚಾರ್ಜ್ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು. 300ರ ಪ್ಲಾನ್ ಆದರೆ 3,600 ಅಲ್ಲ, 3,900. ಮನೆಯಲ್ಲಿ ಮೂರು ಫೋನ್ ಇದ್ದರೆ ವರ್ಷಕ್ಕೆ 900 ಎಲ್ಲಿ ಹೋಯಿತೆಂದು ತಿಳಿಯದೆ ಹೋಗುತ್ತದೆ. ವಹಿಗೆ ಹಾಕುವಾಗ ಹದಿಮೂರರಿಂದಲೇ ಗುಣಿಸಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಜಾಗ ತೆರೆದು, ಮಕ್ಕಳು ಯಾವಾಗಲೋ ಒಪ್ಪಿಗೆ ಕೊಟ್ಟ ಚಂದಾಗಳನ್ನು ರದ್ದು ಮಾಡಿ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಬೈಕಿನಲ್ಲಿ ಓಡಾಡುವವರು ಪೆಟ್ರೋಲಷ್ಟೇ ಎಣಿಸುತ್ತಾರೆ. ಒಂದು ಕಡೆಗೆ 22 ಕಿಲೋಮೀಟರ್ ಹಿಡಿದರೆ ದಿನಕ್ಕೆ 44, ತಿಂಗಳ 25 ದಿನಕ್ಕೆ 1,100. ಲೀಟರಿಗೆ 45 ಕೊಡುವ ಗಾಡಿಗೆ ಇಪ್ಪತ್ನಾಲ್ಕೂವರೆ ಲೀಟರ್. ಅದರ ಮೇಲೆ ಮೂರು ತಿಂಗಳಿಗೆ 3,300 ಕಿಲೋಮೀಟರ್ ಆಗುವುದರಿಂದ ಎಂಜಿನ್ ಆಯಿಲ್, ಎರಡು-ಮೂರು ವರ್ಷಕ್ಕೆ ಟಾಯರ್. ಇಷ್ಟನ್ನೂ ಕೂಡಿಸಿದ ಮೇಲೆ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ತಿಂಗಳ ಖರ್ಚಿನ ಪಕ್ಕ ಇಟ್ಟು ನೋಡಿ.

ಹೊಸ ಬೈಕಿಗೆ ಐದು ವರ್ಷದ ವಿಮೆ ಇದೆ ಎಂದು ನಿಶ್ಚಿಂತೆಯಾಗಿರುವವರು ಕಾಗದ ಮತ್ತೊಮ್ಮೆ ಓದಬೇಕು. ಐದು ವರ್ಷ ಇರುವುದು ಎದುರಿನವರಿಗೆ ಆಗುವ ಹಾನಿಗೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಜಖಂ ಆದರೆ ಕೊಡುವ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಅದು ಮುಗಿದು 90 ದಿನ ದಾಟಿದರೆ, ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿಯೂ ಹೋಗುತ್ತದೆ. ಅದು ಶೇ 20ರಿಂದ ಶುರುವಾಗಿ 50ರವರೆಗೆ ಬೆಳೆದಿರುತ್ತದೆ.

ಔಷಧ ಮತ್ತು ವಿಮೆ

ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ತಿಂಗಳಿಗೊಮ್ಮೆ ಬರುವ ಬಾಡಿಗೆಯಿದ್ದಂತೆ, ಜೀವಮಾನ ಪೂರ್ತಿ. ಡಾಕ್ಟರಿಗೆ "ಸರ್, ಔಷಧದ ಮೂಲ ಹೆಸರು ಬರಕೊಡ್ರಿ" ಎಂದು ಕೇಳಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅದೇ ಔಷಧ ಅರ್ಧ ಬೆಲೆಗೂ ಕಡಿಮೆಗೆ ಸಿಗುವುದುಂಟು. ಹೋಲಿಸುವಾಗ ಔಷಧದ ಹೆಸರಿನ ಜೊತೆ ಮಿಲಿಗ್ರಾಂ ಕೂಡ ಒಂದೇ ಇದೆಯೇ ನೋಡಿ, ಬದಲಿಸುವ ಮೊದಲು ಡಾಕ್ಟರಿಗೆ ತಿಳಿಸಿ.

ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಇಲ್ಲ; ನವೀಕರಣದ ರಸೀದಿಯಲ್ಲಿ ಆ ಸಾಲು ಸೊನ್ನೆ ಇದೆಯೇ ನೋಡಿ. ವರ್ಷದ ಕಂತಿಗೆ 30 ದಿನದ ಹೆಚ್ಚುವರಿ ಅವಧಿ ಇದೆ, ಆದರೆ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಹಣ ಬರುವ ಭರವಸೆ ಇಟ್ಟುಕೊಳ್ಳಬೇಡಿ. ಪಾಲಿಸಿ ಕೊಳ್ಳುವಾಗ ಕೋಣೆ ಬಾಡಿಗೆಯ ಮಿತಿ ನೋಡಬೇಕು. ಮಿತಿ ಮೀರಿದ ಕೋಣೆ ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ಉಳಿದ ಬಿಲ್ಲನ್ನೂ ಅದೇ ಅನುಪಾತದಲ್ಲಿ ಕಡಿಯುವ ಪಾಲಿಸಿಗಳಿವೆ.

ಸಾಲ, ಭಿಶಿ, ಸೊಸೈಟಿ

ಕ್ರೆಡಿಟ್ ಕಾರ್ಡಿನ ಬಿಲ್ಲು 20,000 ಬಂತು, 1,000 ಮಾತ್ರ ಕಟ್ಟಿದಿರಿ ಎನ್ನಿ. ತಿಂಗಳಿಗೆ ಶೇ 3.5ರಂತೆ ಬಡ್ಡಿ 700, ಅದರ ಮೇಲೆ ಶೇ 18 ಜಿಎಸ್‌ಟಿ 126. ಸಾವಿರದಲ್ಲಿ 826 ಇಲ್ಲೇ ಹೋಯಿತು, ಸಾಲ ಇಳಿದದ್ದು 174 ರೂಪಾಯಿ. ಬಾಕಿ ಇರುವ ತನಕ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ. "ನೋ ಕಾಸ್ಟ್ ಇಎಂಐ" ಎಂದು ಫ್ರಿಡ್ಜ್ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: "ಈಗ ಪೂರಾ ರೊಕ್ಕ ಕೊಟ್ರ ಎಷ್ಟಕ್ಕ ಕೊಡ್ತೀರಿ?" ಆ ಎರಡು ಬೆಲೆಗಳ ಅಂತರ, ಪ್ರೊಸೆಸಿಂಗ್ ಫೀ, ಬಡ್ಡಿಯ ಭಾಗದ ಮೇಲಿನ ಜಿಎಸ್‌ಟಿ, ಇವು ಮೂರೂ ಕೂಡಿದ್ದೇ ನಿಮ್ಮ ಬಡ್ಡಿ.

ಸಹಕಾರಿ ಸಂಘಕ್ಕೆ ನಮ್ಮ ಸೀಮೆ ತವರು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು, ಈಗಲೂ ಓಣಿಗೊಂದು ಸೊಸೈಟಿ ಇದೆ. ಆದರೆ ವರ್ಷದ ಖಾತೆ ಎಲ್ಲಿ ಇಡಬೇಕು ಎಂಬಾಗ ಒಂದು ವ್ಯತ್ಯಾಸ ತಿಳಿದಿರಲಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಒಂದು-ಎರಡು ಶೇಕಡಾ ಹೆಚ್ಚು ಬಡ್ಡಿಗಾಗಿ ಸಾಲಿ ಫೀ ರೊಕ್ಕವನ್ನು ಅಲ್ಲಿಡುವುದು ತರವಲ್ಲ. ಓಣಿಯ ಭಿಶಿಯೂ (ತಿಂಗಳಿಗಿಷ್ಟೆಂದು ಎಲ್ಲರೂ ಹಾಕಿ, ಸರದಿಯಂತೆ ಒಬ್ಬೊಬ್ಬರು ಎತ್ತುವ ಚೀಟಿ) ಹಾಗೆಯೇ. ನಂಬಿಕೆಯ ಹತ್ತು ಮಂದಿಯದಾದರೆ ಮಿಕ್ಸರ್‌ಗೋ ಸೀರೆಗೋ ಆಗಲಿ, ಜೂನ್‌ನ ಭಾರ ಅದರ ಮೇಲೆ ಹಾಕಬೇಡಿ.

ರೊಕ್ಕ ಕಡಿಮೆ ಬಿದ್ದ ತಿಂಗಳು

ಎಷ್ಟೇ ಬರೆದರೂ ಒಂದು ತಿಂಗಳು ಕಡಿಮೆ ಬಿದ್ದೇ ಬೀಳುತ್ತದೆ. ಆಗ ಯಾರ ಫೋನು ಮೊದಲು ಬಂತು ಎಂದು ನೋಡಿ ಕೊಡಬೇಡಿ, ತಡವಾದರೆ ಯಾವುದು ಎಷ್ಟು ತಿನ್ನುತ್ತದೆ ಎಂದು ನೋಡಿ. ಮೊದಲು ಆರೋಗ್ಯ ವಿಮೆ ಮತ್ತು ಗಾಡಿ ವಿಮೆ, ತಪ್ಪಿದರೆ ವರ್ಷಗಳ ಗಳಿಕೆ ಹೋಗುತ್ತದೆ. ಆಮೇಲೆ ಕಾರ್ಡಿನ ಪೂರ್ತಿ ಬಾಕಿ, ತಿಂಗಳಿಗೆ ಮೂರೂವರೆಯ ಮೇಲೆ ತೆರಿಗೆ. ಮನೆ ಕರದ ದಂಡ ಎರಡು, ಆದ್ದರಿಂದ ಕಾರ್ಡು ಮುಗಿಸಿ ಕರಕ್ಕೆ ಬನ್ನಿ. ಸಾಲಿಯ ಆಫೀಸಿಗೆ ಜೂನ್ ಮೊದಲ ವಾರವೇ ಹೋಗಿ ಎರಡು-ಮೂರು ಕಂತು ಕೇಳಿ, ಮುಂಚೆ ಕೇಳಿದವರಿಗೆ ಒಪ್ಪುತ್ತಾರೆ, ನೋಟಿಸ್ ಬಂದಮೇಲೆ ಕಷ್ಟ. ಆಹೇರಿ ಲಗ್ನದ ದಿನವೇ ಆಗಬೇಕೆಂದಿಲ್ಲ. ಮದುಮಕ್ಕಳನ್ನು ದೀಪಾವಳಿಗೆ ಊಟಕ್ಕೆ ಕರೆದು ಅಂದು ಮಾಡಬಹುದು. ಅಲ್ಲಿಯ ತನಕ ಮುಯ್ಯಿ ವಹಿಯಲ್ಲಿ ಅವರ ಸಾಲಿನ ಮುಂದೆ ಪೆನ್ಸಿಲ್ಲಿನಿಂದ "ಬಾಕಿ" ಎಂದು ಬರೆದಿಡಿ.